ಹದಿಹರೆಯದ ಮಕ್ಕಳು ಬೀಡಿ ಸಿಗರೇಟಿಗೆ ಯಾಕೆ ಬಲಿಯಾಗುತ್ತಾರೆ?

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಒಕ್ಕೂಟದ ಸಭೆಯೆಂದರೆ ಉಳಿತಾಯ, ಸಾಲ, ಬಡ್ಡಿ, ಮರುಪಾವತಿ, ಇದೇ ಮಾತು ಹೆಚ್ಚು. ಇವತ್ತು ಲೆಕ್ಕದ ಪುಸ್ತಕವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ನಮ್ಮ ಮಕ್ಕಳ ಬಗ್ಗೆ ಮಾತಾಡೋಣ.

ಈ ವಿಷಯವನ್ನು ನಾವು ಆರಿಸಿದ್ದಲ್ಲ. ನಿಮ್ಮಲ್ಲೇ ಒಬ್ಬ ತಾಯಿ ಇದನ್ನು ನಮ್ಮ ಕೈಗೆ ಕೊಟ್ಟರು. ಕಳೆದ ತಿಂಗಳ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅವರು ನಮ್ಮನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: "ಒಂಬತ್ತನೇ ಕ್ಲಾಸಿನ ಮಗನ ಚಡ್ಡಿ ಒಗೆಯುವಾಗ ಕಿಸೆಯಲ್ಲಿ ಬೆಂಕಿಪೊಟ್ಟಣ ಸಿಕ್ಕಿತು. ಯಾರಲ್ಲಿ ಹೇಳುದು? ಇವರಿಗೆ ಹೇಳಿದ್ರೆ ಹೊಡೆದು ಹಾಕ್ತಾರೆ. ಹೇಳದಿದ್ರೆ ನನಗೆ ನಿದ್ರೆ ಬರುದಿಲ್ಲ. ನಾನು ದಿನಾ ಕೂತು ಕಟ್ಟುದು ಬೀಡಿಯೇ ಅಲ್ವಾ? ಯಾವ ಬಾಯಲ್ಲಿ ಮಗನಿಗೆ ಬೇಡ ಅಂತ ಹೇಳಲಿ?"

ಆ ಪ್ರಶ್ನೆಗೆ ಆ ಹೊತ್ತಿನಲ್ಲಿ ನಮ್ಮ ಬಳಿ ಸರಿಯಾದ ಉತ್ತರ ಇರಲಿಲ್ಲ. "ಮುಂದಿನ ತಿಂಗಳು ಮಾತಾಡುವ ಅಕ್ಕ, ಅಷ್ಟರವರೆಗೆ ಹೊಡೆಯಬೇಡಿ" ಎಂದಷ್ಟೇ ಹೇಳಿದೆವು. ದಕ್ಷಿಣ ಕನ್ನಡದಲ್ಲಿ ಇದು ಒಬ್ಬ ತಾಯಿಯ ಪ್ರಶ್ನೆಯಲ್ಲ. ಇಲ್ಲಿ ಎಷ್ಟೋ ಮನೆಗಳಲ್ಲಿ ಅಕ್ಕಿ ಬಂದದ್ದು, ಮಕ್ಕಳ ಶಾಲೆಯ ಪುಸ್ತಕ ಬಂದದ್ದು, ನಮ್ಮ ಸಂಘದ ವಾರದ ಉಳಿತಾಯ ಬಂದದ್ದು ಬೀಡಿಯಿಂದಲೇ. ಹಾಗಾಗಿ ಮೊದಲು ಮಕ್ಕಳು ಯಾಕೆ ಶುರು ಮಾಡುತ್ತಾರೆ, ಆಮೇಲೆ ಅದು ಹೇಗೆ ಚಟವಾಗುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ಕೊನೆಗೆ ಆ ತಾಯಿಯ ಪ್ರಶ್ನೆಗೆ ಬರೋಣ.

ಶುರುವಾಗುವುದು ಯಾವಾಗ?

"ನಮ್ಮ ಮಗ ಇನ್ನೂ ಸಣ್ಣವ, ಅವನಿಗೆ ಅದೆಲ್ಲ ಗೊತ್ತಿಲ್ಲ" ಎಂದು ನಾವು ಅಂದುಕೊಳ್ಳುತ್ತೇವೆ. 2019ರಲ್ಲಿ ನಮ್ಮ ದೇಶದಾದ್ಯಂತ 13ರಿಂದ 15 ವರ್ಷದ ಶಾಲಾ ಮಕ್ಕಳ ನಡುವೆ ಒಂದು ದೊಡ್ಡ ಸಮೀಕ್ಷೆ ನಡೆಯಿತು. ನೂರರಲ್ಲಿ ಎಂಟೂವರೆ ಮಕ್ಕಳು ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹುಡುಗರು ಮಾತ್ರ ಅಲ್ಲ, ಹುಡುಗಿಯರೂ ಇದ್ದರು. ಹೆಚ್ಚು ಬೇಸರದ ಸಂಗತಿ ಇನ್ನೊಂದು. ಬೀಡಿ ಸೇದಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹತ್ತು ವರ್ಷ ತುಂಬುವ ಮೊದಲೇ ಅದರ ರುಚಿ ನೋಡಿದ್ದರು. ಹತ್ತು ವರ್ಷ ಎಂದರೆ ನಾಲ್ಕನೇ, ಐದನೇ ಕ್ಲಾಸು.

ನಮ್ಮ ರಾಜ್ಯದಲ್ಲಿ ಶಾಲಾ ಮಕ್ಕಳ ಲೆಕ್ಕ ದೇಶದ ಲೆಕ್ಕಕ್ಕಿಂತ ಕಡಿಮೆ ಇತ್ತು. ಇದು ಸಮಾಧಾನದ ಮಾತು. ಆದರೆ ದೊಡ್ಡವರ ಲೆಕ್ಕ ಬೇರೆಯೇ ಇದೆ. 2016-17ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 23 ಮಂದಿ ತಂಬಾಕು ಬಳಸುತ್ತಿದ್ದರು. ಅಂದರೆ ಶಾಲೆ ಮುಗಿಸಿ ಪಿಯುಸಿಗೆ, ಐಟಿಐಗೆ, ಕೆಲಸಕ್ಕೆ ಹೋಗುವ ವರ್ಷಗಳಲ್ಲಿ ನಮ್ಮ ಹುಡುಗರ ಮೇಲೆ ಹೆಚ್ಚು ಕಣ್ಣಿಡಬೇಕು ಎಂದಾಯಿತು. ಅಮೆರಿಕದಲ್ಲಿ ಲೆಕ್ಕ ಹಾಕಿ ನೋಡಿದಾಗ, ದಿನಾ ಸಿಗರೇಟು ಸೇದುವ ದೊಡ್ಡವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮೊದಲ ಸಲ ಸೇದಿದ್ದು 18 ವರ್ಷದ ಒಳಗೆ. ಆ ವಯಸ್ಸನ್ನು ಮಗ ಸೇದದೆ ದಾಟಿದರೆ, ಮತ್ತೆ ಶುರು ಮಾಡುವುದು ಕಡಿಮೆ. ನಾವು ಕಾಯಬೇಕಾದದ್ದು ಈ ಕೆಲವು ವರ್ಷಗಳನ್ನು.

ಯಾಕೆ ಶುರು ಮಾಡುತ್ತಾರೆ?

ನಾವು ಹಲವು ಊರುಗಳಲ್ಲಿ ಮಕ್ಕಳ ಜೊತೆ, ಯುವಕರ ಜೊತೆ ಕೂತು ಕೇಳಿದ್ದೇವೆ. ಯಾರೂ "ನನಗೆ ಹೊಗೆಯ ಆಸೆಯಾಯಿತು" ಎಂದು ಹೇಳಿದ್ದಿಲ್ಲ. ಮೊದಲ ಸಲ ಸೇದಿದಾಗ ಎಲ್ಲರಿಗೂ ಕೆಮ್ಮು ಬಂದಿದೆ, ತಲೆ ತಿರುಗಿದೆ, ಕೆಲವರಿಗೆ ವಾಂತಿಯೂ ಆಗಿದೆ. ದೇಹ ಮೊದಲ ದಿನವೇ "ಬೇಡ" ಎಂದು ಹೇಳಿರುತ್ತದೆ. ಆದರೂ ಎರಡನೇ ಸಲ ಸೇದುತ್ತಾರೆ. ಯಾಕೆ?

ಒಂದು, ಗೆಳೆಯರು. ಹದಿಹರೆಯದಲ್ಲಿ ಮಕ್ಕಳಿಗೆ ಅಪ್ಪ ಅಮ್ಮನ ಮಾತಿಗಿಂತ ಗೆಳೆಯರ ಮಾತು ದೊಡ್ಡದು. ಮೈದಾನದಲ್ಲಿ ಕ್ರಿಕೆಟ್ ಮುಗಿದ ಮೇಲೆ, ಮದುವೆಯ ಹಿಂದಿನ ರಾತ್ರಿಯ ರೋಸಿನಲ್ಲಿ, ಕೋಲ ಯಕ್ಷಗಾನ ನೋಡಲು ಹೋದ ರಾತ್ರಿಯಲ್ಲಿ, ಚರ್ಚಿನ ವಾರ್ಷಿಕ ಹಬ್ಬದ ಗದ್ದಲದಲ್ಲಿ ಒಬ್ಬ ಹಚ್ಚುತ್ತಾನೆ, ನಾಲ್ಕು ಜನ ಒಂದೊಂದು ದಮ್ಮು ಎಳೆಯುತ್ತಾರೆ. ಐದನೆಯವನು "ನನಗೆ ಬೇಡ" ಎಂದರೆ "ಅಮ್ಮನ ಮಗ" ಎಂದು ನಗುತ್ತಾರೆ. ಆ ನಗುವಿಗೆ ಹೆದರಿ ಎಳೆಯುತ್ತಾನೆ. ಅವನಿಗೆ ಬೇಕಾದದ್ದು ಹೊಗೆ ಅಲ್ಲ, ಆ ಗುಂಪಿನಲ್ಲಿ ಒಂದು ಜಾಗ.

ಎರಡು, ದೊಡ್ಡವನಾಗುವ ಆಸೆ. ಮನೆಯಲ್ಲಿ ಅಜ್ಜ ಸೇದುತ್ತಾರೆ, ಮಾವ ಸೇದುತ್ತಾರೆ, ಸಿನಿಮಾದ ನಾಯಕ ಸ್ಟೈಲಾಗಿ ಸೇದುತ್ತಾನೆ. ಪರದೆಯ ಕೆಳಗೆ ಎಚ್ಚರಿಕೆಯ ಸಾಲು ಬರುತ್ತದೆ, ನಿಜ. ಆದರೆ ಹುಡುಗನ ಕಣ್ಣು ಸಾಲಿನ ಮೇಲೆ ಇರುವುದಿಲ್ಲ, ನಾಯಕನ ಬೆರಳಿನ ಮೇಲೆ ಇರುತ್ತದೆ. ಮೀಸೆ ಬರುವ ಮೊದಲೇ ಗಂಡಸು ಅನ್ನಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಅವನಿಗೆ ಕಾಣುವುದಿಲ್ಲ.

ಮೂರು, ಮನೆಯ ಅಭ್ಯಾಸ. "ಓಡಿ ಹೋಗಿ ಅಂಗಡಿಯಿಂದ ಒಂದು ಕಟ್ಟು ಬೀಡಿ ತಾ ಮಗಾ" ಎಂದು ಏಳೆಂಟು ವರ್ಷದ ಮಗುವನ್ನು ಕಳಿಸುವುದು ನಮ್ಮಲ್ಲಿ ದೊಡ್ಡ ಸಂಗತಿ ಅಲ್ಲ. ಒಲೆಯ ಬೆಂಕಿಯಲ್ಲಿ ಬೀಡಿ ಹಚ್ಚಿಕೊಂಡು ಬರಲು ಹೇಳುವ ಅಜ್ಜಂದಿರೂ ಇದ್ದಾರೆ. ಹಚ್ಚುವಾಗ ಮಗು ಒಂದು ಸಲ ಎಳೆಯಲೇಬೇಕಲ್ಲ? ಹತ್ತು ವರ್ಷದೊಳಗಿನ ರುಚಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಾವು ದೂರ ಹೋಗಿ ಹುಡುಕಬೇಕಾಗಿಲ್ಲ.

ನಾಲ್ಕು, ಮನಸ್ಸಿನ ಬೇಸರ. ಪರೀಕ್ಷೆಯ ಹೆದರಿಕೆ, ಮನೆಯಲ್ಲಿ ಅಪ್ಪನ ಕುಡಿತ, ದಿನಾ ಜಗಳ, ಫೇಲಾದ ಅವಮಾನ, ಪ್ರೀತಿ ಪ್ರೇಮದ ಗಲಾಟೆ. ದೊಡ್ಡವರಿಗೆ ಇದು ಚಿಕ್ಕದು, ಅವರಿಗೆ ಗುಡ್ಡದಷ್ಟು. "ಸೇದಿದ್ರೆ ಟೆನ್ಶನ್ ಕಡಿಮೆ ಆಗ್ತದೆ" ಎಂದು ಯಾರೋ ಹೇಳಿರುತ್ತಾರೆ. ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರಾದರೂ ಇದ್ದಿದ್ದರೆ ಆ ಹುಡುಗ ಅಂಗಡಿಯ ಹಿಂದೆ ಹೋಗುತ್ತಿರಲಿಲ್ಲ.

ಐದು, ಸುಲಭವಾಗಿ ಸಿಗುವುದು. ಪ್ಯಾಕು ಪೂರ್ತಿ ಕೊಳ್ಳಬೇಕಾದರೆ ಶಾಲೆಯ ಹುಡುಗನ ಕಿಸೆಯಲ್ಲಿ ಅಷ್ಟು ಹಣ ಇರುವುದಿಲ್ಲ. ಆದರೆ ಗೂಡಂಗಡಿಯಲ್ಲಿ ಒಂದೊಂದಾಗಿ ಕೊಡುತ್ತಾರೆ. ಅಂಗಡಿಯ ಕಂಬಕ್ಕೆ ಲೈಟರು ಕಟ್ಟಿರುತ್ತಾರೆ, ಪಕ್ಕದಲ್ಲೇ ವಾಸನೆ ಹೋಗಲು ಪೆಪ್ಪರ್‌ಮಿಂಟು. ಬಿಡಿ ಸಿಗರೇಟು ತೆಗೆದುಕೊಂಡವನಿಗೆ ಪ್ಯಾಕಿನ ಮೇಲಿನ ಕ್ಯಾನ್ಸರ್ ಚಿತ್ರವೂ ಕಾಣುವುದಿಲ್ಲ.

ಈ ಐದು ಕಾರಣಗಳಲ್ಲಿ "ಮಗ ಕೆಟ್ಟವ" ಎಂಬ ಕಾರಣ ಇಲ್ಲ. ಇದನ್ನು ನಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಳ್ಳೆಯ ಮಗ, ಪೂಜೆ ಪ್ರಾರ್ಥನೆಗೆ ಬರುವ ಮಗ, ತರಗತಿಯಲ್ಲಿ ಮುಂದಿರುವ ಮಗ, ಅವನೂ ಶುರು ಮಾಡಬಹುದು.

ಚಟ ಆಗುವುದು ಹೇಗೆ?

ತಂಬಾಕಿನಲ್ಲಿ ನಿಕೋಟಿನ್ ಎಂಬ ಒಂದು ವಸ್ತು ಇದೆ. ಚಟ ಹಿಡಿಸುವುದು ಇದೇ. ಹೊಗೆ ಎಳೆದ ಸುಮಾರು ಹತ್ತು ಇಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಮುಟ್ಟುತ್ತದೆ. ಅಲ್ಲಿ ಡೋಪಮಿನ್ ಎಂಬ ರಸವನ್ನು ಹೊರಡಿಸುತ್ತದೆ. ನಮಗೆ ಹಸಿವಾದಾಗ ಊಟ ಮಾಡಿದರೆ, ಯಾರಾದರೂ ಹೊಗಳಿದರೆ ಹಿತವಾಗುವುದು ಇದೇ ರಸದಿಂದ. ದೇವರು ಒಳ್ಳೆಯ ಕೆಲಸಗಳಿಗಾಗಿ ಇಟ್ಟ ಆ ಬಾಗಿಲನ್ನು ನಿಕೋಟಿನ್ ಕಳ್ಳ ಕೀಲಿಕೈಯಿಂದ ತೆರೆಯುತ್ತದೆ.

ಮತ್ತೆ ಮತ್ತೆ ಸೇದಿದಾಗ ಮೆದುಳು ಬದಲಾಗುತ್ತದೆ. ನಿಕೋಟಿನ್ ಬಂದು ಕೂರುವ ಜಾಗಗಳನ್ನು ಅದು ಹೆಚ್ಚು ಮಾಡಿಕೊಳ್ಳುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆಗ ಖಾಲಿ ಬಿದ್ದ ಜಾಗಗಳು "ತಾ, ತಾ" ಎಂದು ಕೇಳಲು ಶುರು ಮಾಡುತ್ತವೆ. ಸಿಡಿಮಿಡಿ, ಚಡಪಡಿಕೆ, ಓದಿನಲ್ಲಿ ಮನಸ್ಸು ನಿಲ್ಲದಿರುವುದು, ಸಣ್ಣ ಮಾತಿಗೂ ಕೋಪ. ಇನ್ನೊಂದು ಸೇದಿದರೆ ಎಲ್ಲ ಶಾಂತ. ಹುಡುಗ "ನೋಡು, ಸೇದಿದ್ರೆ ಟೆನ್ಶನ್ ಹೋಯ್ತು" ಎಂದುಕೊಳ್ಳುತ್ತಾನೆ. ಆದರೆ ಆ ಟೆನ್ಶನ್ ತಂದದ್ದೇ ಹಿಂದಿನ ಸಿಗರೇಟು. ಬಡ್ಡಿ ಸಾಲಗಾರನ ಹಾಗೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲ, ಅದನ್ನು ತೀರಿಸಲು ಮತ್ತೊಂದು. ಸಂಘ ಸೇರುವ ಮೊದಲು ಮೀಟರ್ ಬಡ್ಡಿಯಲ್ಲಿ ಸಿಕ್ಕಿಬಿದ್ದಿದ್ದ ನಮ್ಮ ಅಕ್ಕಂದಿರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ದೊಡ್ಡವರಿಗಿಂತ ಮಕ್ಕಳಿಗೆ ಇದು ಬೇಗ ಅಂಟುತ್ತದೆ. ಮನುಷ್ಯನ ಮೆದುಳು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಅದರಲ್ಲೂ ಮುಂದಿನದನ್ನು ಯೋಚಿಸಿ "ಬೇಡ" ಎಂದು ತಡೆಯುವ ಭಾಗ ಎಲ್ಲಕ್ಕಿಂತ ಕೊನೆಗೆ ಬಲಿಯುತ್ತದೆ. ಖುಷಿ ಬೇಕು ಎನ್ನುವ ಭಾಗ ಮಾತ್ರ ಬೇಗ ತಯಾರಾಗಿರುತ್ತದೆ. ಬೈಕಿಗೆ ಎಂಜಿನ್ ಬಂದಿದೆ, ಬ್ರೇಕು ಇನ್ನೂ ಬಂದಿಲ್ಲ, ಹಾಗಿರುತ್ತದೆ ಆ ವಯಸ್ಸು.

"ದಿನಾ ಹತ್ತು ಸೇದಿದರೆ ಮಾತ್ರ ಚಟ, ಅಪರೂಪಕ್ಕೆ ಒಂದು ಸೇದಿದರೆ ಏನೂ ಇಲ್ಲ" ಎಂದು ನಾವೂ ನಂಬಿದ್ದೆವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 12, 13 ವರ್ಷದ ಶಾಲಾ ಮಕ್ಕಳನ್ನು ಗಮನಿಸಿ ಮಾಡಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಆಗೊಮ್ಮೆ ಈಗೊಮ್ಮೆ ಸೇದಲು ಆರಂಭಿಸಿದ ಮಕ್ಕಳಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ನಾಲ್ಕೇ ವಾರದೊಳಗೆ ಚಟದ ಒಂದಾದರೂ ಲಕ್ಷಣ ಕಾಣಿಸಿಕೊಂಡಿತ್ತು. ನಾಲ್ಕು ವಾರ ಎಂದರೆ ನಮ್ಮ ಸಂಘದ ನಾಲ್ಕು ಸಭೆ. ಬೆಂಕಿಪೊಟ್ಟಣ ಕಂಡ ದಿನವೇ ಏನಾದರೂ ಮಾಡಬೇಕು ಎಂದು ನಾವು ಹೇಳುವುದು ಇದಕ್ಕೇ.

ಇನ್ನೊಂದು ತಪ್ಪು ನಂಬಿಕೆ, "ಸಿಗರೇಟಿಗಿಂತ ಬೀಡಿ ವಾಸಿ, ಅದು ಎಲೆ ಅಲ್ವಾ" ಎಂಬುದು. ಬೀಡಿಯೊಳಗಿನ ಹೊಗೆಸೊಪ್ಪು ಕಡಿಮೆ, ನಿಜ. ಆದರೆ ಅದರಲ್ಲಿ ನಿಕೋಟಿನ್ ಅಂಶ ಹೆಚ್ಚು. ಎಲೆ ತಾನಾಗಿ ಉರಿಯುವುದಿಲ್ಲ, ಆರಿ ಹೋಗದ ಹಾಗೆ ಮತ್ತೆ ಮತ್ತೆ, ಜೋರಾಗಿ ಎಳೆಯಬೇಕು. ಹಾಗಾಗಿ ಟಾರು, ಕಾರ್ಬನ್ ಮೊನಾಕ್ಸೈಡು ಎಂಬ ವಿಷಗಳು ಒಳಗೆ ಹೋಗುವುದು ಕಡಿಮೆಯೇನಲ್ಲ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್, ಹೃದಯಾಘಾತ, ಉಬ್ಬಸದಂಥ ಕಾಯಿಲೆ ಬೀಡಿಯಿಂದಲೂ ಬರುತ್ತವೆ.

ಲೆಕ್ಕವನ್ನೂ ನೋಡಿ. ಒಬ್ಬ ಹುಡುಗ ದಿನಕ್ಕೆ ಬರೀ 20 ರೂಪಾಯಿ ಇದಕ್ಕೆ ಹಾಕುತ್ತಾನೆ ಎಂದು ಇಟ್ಟುಕೊಳ್ಳೋಣ. ವಾರಕ್ಕೆ 140, ವರ್ಷಕ್ಕೆ 7,300 ರೂಪಾಯಿ. ನಮ್ಮಲ್ಲಿ ಎಷ್ಟು ಮಂದಿಯ ವಾರದ ಉಳಿತಾಯ 140 ರೂಪಾಯಿ ಇದೆ? ಕೈ ಎತ್ತಿ ನೋಡೋಣ.

ಗೊತ್ತಾಗುವುದು ಹೇಗೆ?

ಕಿಸೆಯಲ್ಲಿ ಬೆಂಕಿಪೊಟ್ಟಣ ಅಥವಾ ಲೈಟರು, ಅಂಗಿಯಲ್ಲಿ ಸಣ್ಣ ಸುಟ್ಟ ತೂತು, ಬಾಯಲ್ಲಿ ಯಾವಾಗಲೂ ಪೆಪ್ಪರ್‌ಮಿಂಟು, ಊಟ ಆದ ಕೂಡಲೇ "ಈಗ ಬರ್ತೇನೆ" ಎಂದು ಹೊರಗೆ ಹೋಗುವುದು, ಬೆಳಿಗ್ಗೆ ಕೆಮ್ಮು, ಅಂಗಡಿಗೆ ಕೊಟ್ಟ ಹಣದಲ್ಲಿ ಚಿಲ್ಲರೆ ಕಡಿಮೆ, ಸುಮ್ಮಸುಮ್ಮನೆ ಸಿಡುಕು. ಇವುಗಳಲ್ಲಿ ಒಂದು ಕಂಡರೆ ತೀರ್ಮಾನ ಮಾಡಬೇಡಿ. ಎರಡು ಮೂರು ಸೇರಿ ಕಂಡರೆ ಕಣ್ಣು ಮುಚ್ಚಿಕೊಂಡು ಕೂರಬೇಡಿ.

ತಾಯಿ ಏನು ಮಾಡಬಹುದು?

ಹೊಡೆದರೆ ಬಿಡುತ್ತಾನೆಯೇ? ನಾವು ನೋಡಿದ ಮಟ್ಟಿಗೆ ಇಲ್ಲ. ಒಂದು ಮನೆಯಲ್ಲಿ ಅಪ್ಪ ಬೆಲ್ಟು ತೆಗೆದುಕೊಂಡರು. ಹುಡುಗ ಮಾವನ ಮನೆಗೆ ಓಡಿಹೋದ. ಅಲ್ಲಿ ಕೇಳುವವರೇ ಇಲ್ಲದೆ ದಿನಕ್ಕೆ ಎರಡಿದ್ದದ್ದು ಎಂಟಾಯಿತು. ಹೊಡೆತದಿಂದ ಮಗ ಸೇದುವುದನ್ನು ಬಿಡಲಿಲ್ಲ, ಮನೆಯಲ್ಲಿ ಹೇಳುವುದನ್ನು ಬಿಟ್ಟ.

ಹಾಗಾದರೆ ಎಂತ ಮಾಡುವುದು?

ಮೊದಲು, ಒಬ್ಬನೇ ಇರುವಾಗ ಮಾತಾಡಿ. ತಂಗಿಯ ಎದುರು, ನೆರೆಮನೆಯವರ ಎದುರು ಬೇಡ. "ನೀನು ಸೇದ್ತೀಯಾ?" ಎಂದು ಪೊಲೀಸರ ಹಾಗೆ ಕೇಳಿದರೆ ಸುಳ್ಳೇ ಬರುತ್ತದೆ. "ಕಿಸೆಯಲ್ಲಿ ಇದು ಸಿಕ್ಕಿತು ಮಗಾ. ನನಗೆ ಹೆದರಿಕೆ ಆಯ್ತು. ಬೈಯುದಿಲ್ಲ, ಹೇಳು" ಎಂದು ಕೇಳಿ, ಆಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಬೈಯುವುದಿಲ್ಲ ಎಂದ ಮೇಲೆ ಬೈಯಬೇಡಿ.

ಎರಡನೆಯದಾಗಿ, "ಇಪ್ಪತ್ತು ವರ್ಷ ಆದ ಮೇಲೆ ಕ್ಯಾನ್ಸರ್ ಬರ್ತದೆ" ಎಂದರೆ ಹದಿನೈದು ವರ್ಷದ ಹುಡುಗನಿಗೆ ಅದು ದೂರದ ಊರಿನ ಸುದ್ದಿ. ಇವತ್ತಿನದು ಹೇಳಿ: ಬಾಯಿ ವಾಸನೆ ಬರ್ತದೆ, ಓಡುವಾಗ ಉಸಿರು ಸಾಲುವುದಿಲ್ಲ, ಕಬಡ್ಡಿ ಟೀಮಿನಲ್ಲಿ ಜಾಗ ಹೋಗ್ತದೆ, ಮೊಬೈಲಿಗೆ ಕೂಡಿಟ್ಟ ಹಣ ಹೋಗ್ತದೆ.

ಮೂರನೆಯದಾಗಿ, "ಬೇಡ" ಎಂದು ಹೇಳಲು ಕಲಿಸಿ. ಗೆಳೆಯರು ಕೊಟ್ಟಾಗ ಏನು ಹೇಳಬೇಕು ಎಂದು ಅವನಿಗೆ ಗೊತ್ತಿರುವುದಿಲ್ಲ. "ನನಗೆ ಆಗುದಿಲ್ಲ ಮಾರಾಯಾ, ಕೋಚ್ ಬೈತಾರೆ" ಎಂದೋ, ನಗುತ್ತಾ "ನೀನೇ ಎಳಿ, ನನಗೆ ಚಹಾ ಕೊಡಿಸು" ಎಂದೋ ಹೇಳಿ ಜಾಗ ಬದಲಿಸಬಹುದು. ಮನೆಯಲ್ಲೇ ನಗುತ್ತಾ ಒಂದೆರಡು ಸಲ ಆಡಿ ನೋಡಿ.

ನಾಲ್ಕನೆಯದಾಗಿ, ಚಟ ಹಿಡಿದಿದ್ದರೆ ಬಿಡಿಸುವ ಕ್ರಮ ತಿಳಿದಿರಲಿ. ಬಿಟ್ಟ ಮೊದಲ ಎರಡು ಮೂರು ದಿನ ತುಂಬಾ ಕಷ್ಟ. ಆಗ ಅವನು ಪಾತ್ರೆ ಬಿಸಾಡಬಹುದು, ಎದುರು ಮಾತಾಡಬಹುದು. ಅದು ಮಗನ ಅಹಂಕಾರ ಅಲ್ಲ, ನಿಕೋಟಿನ್ ಬಿಟ್ಟು ಹೋಗುವ ಗಲಾಟೆ. ಮೂರು ನಾಲ್ಕು ವಾರದಲ್ಲಿ ಹೆಚ್ಚಿನದು ಇಳಿಯುತ್ತದೆ. ಸೇದಬೇಕೆಂಬ ಒತ್ತಡ ಬಂದಾಗ ಅದು ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಆ ಕೆಲವು ನಿಮಿಷ ದಾಟಿಸಬೇಕು. ನೀರು ಕುಡಿಯಲಿ, ದೀರ್ಘವಾಗಿ ಉಸಿರಾಡಲಿ, ಬಾವಿಯಿಂದ ನಾಲ್ಕು ಕೊಡ ನೀರು ಸೇದಲಿ. ಹೊಗೆ ಸೇದುವುದಕ್ಕಿಂತ ನೀರು ಸೇದುವುದು ಒಳ್ಳೆಯದಲ್ಲವೇ!

ಐದನೆಯದಾಗಿ, ಸಹಾಯ ಕೇಳಲು ನಾಚಿಕೆ ಬೇಡ. ತಂಬಾಕು ಬಿಡಲು ಸರ್ಕಾರದ ಉಚಿತ ಫೋನ್ ಸಂಖ್ಯೆ 1800-11-2356. ಸಿಗರೇಟು ಪ್ಯಾಕಿನ ಮೇಲೂ ಇದನ್ನು ಮುದ್ರಿಸಿರುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿಯೂ ವಿಚಾರಿಸಬಹುದು. ಒಂದು ಸಲ ಬಿಟ್ಟವನು ಮತ್ತೆ ಶುರು ಮಾಡಿದರೆ "ನಿನ್ನ ಹಣೆಬರಹ ಇಷ್ಟೇ" ಎನ್ನಬೇಡಿ. ಬಿಟ್ಟವರಲ್ಲಿ ಹೆಚ್ಚಿನವರು ಹಲವು ಸಲ ಪ್ರಯತ್ನಿಸಿಯೇ ಗೆದ್ದವರು. ದುಂದುಗಾರ ಮಗನ ಸಾಮತಿ ನಮಗೆಲ್ಲ ಗೊತ್ತು. ಆ ತಂದೆ ಮಗನ ತಪ್ಪಿನ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿರಲಿಲ್ಲ, ದಾರಿ ನೋಡುತ್ತಾ ನಿಂತಿದ್ದ.

ಸಂಘ ಏನು ಮಾಡಬಹುದು?

ಒಬ್ಬ ತಾಯಿ ತನ್ನ ಮನೆಯನ್ನು ಸರಿ ಮಾಡಬಹುದು, ಊರಿನ ಅಂಗಡಿಯನ್ನು ಸರಿ ಮಾಡಲು ಒಬ್ಬಳಿಂದ ಆಗುವುದಿಲ್ಲ. ಅದಕ್ಕೆ ಸಂಘ ಬೇಕು.

ಕಾನೂನು ನಮ್ಮ ಕಡೆ ಉಂಟು. 2003ರ ತಂಬಾಕು ನಿಯಂತ್ರಣ ಕಾಯ್ದೆಯಲ್ಲಿ 18 ವರ್ಷದೊಳಗಿನವರಿಗೆ ಮಾರಬಾರದು ಎಂದಿತ್ತು. ನಮ್ಮ ರಾಜ್ಯದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು ಕರ್ನಾಟಕದಲ್ಲಿ ಆ ವಯಸ್ಸು 21 ಆಯಿತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂಪಾಯಿವರೆಗೆ ಏರಿತು. ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಬಿಡಿ ಸಿಗರೇಟಿನ ಮಾರಾಟವನ್ನು ನಮ್ಮ ರಾಜ್ಯ 2017ರಲ್ಲೇ ನಿಷೇಧಿಸಿದೆ. ಗುಟ್ಕಾ 2013ರಿಂದ, ಇ-ಸಿಗರೇಟು ದೇಶದಾದ್ಯಂತ 2019ರಿಂದ ನಿಷೇಧವಾಗಿವೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವಿಗೆ ತಂಬಾಕು ಕೊಡುವವರಿಗೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.

ಇದನ್ನು ಒಂದು ಸಂಘದ ಸಭೆಯಲ್ಲಿ ಓದಿ ಹೇಳಿದಾಗ ಗೂಡಂಗಡಿ ಇಟ್ಟಿದ್ದ ಒಬ್ಬ ಸದಸ್ಯೆ ಎದ್ದು ನಿಂತರು. "ನನ್ನ ಅಂಗಡಿ ಇಟ್ಟದ್ದೇ ಸಂಘದ ಸಾಲದಲ್ಲಿ. ವ್ಯಾಪಾರ ಹೆಚ್ಚು ಆಗುದೇ ಬೀಡಿ ಸಿಗರೇಟಿನಲ್ಲಿ. ನಾನು ಕೊಡದಿದ್ರೆ ಆ ಹುಡುಗ ಆಚೆ ಅಂಗಡಿಗೆ ಹೋಗ್ತಾನೆ. ನನ್ನ ಕಂತು ಯಾರು ಕಟ್ತಾರೆ?" ಎಂದು ಕೇಳಿದರು. ಎಲ್ಲರೂ ಸುಮ್ಮನಾದರು. ನಾವೂ ಸುಮ್ಮನಾದೆವು, ಯಾಕೆಂದರೆ ಆ ಸಾಲದ ಅರ್ಜಿಯನ್ನು ಮಂಜೂರು ಮಾಡಲು ಶಿಫಾರಸು ಮಾಡಿದ್ದು ನಾವೇ. ಅಂಗಡಿಯಲ್ಲಿ ಏನು ಮಾರುತ್ತೀರಿ ಎಂದು ನಾವು ಆವತ್ತು ಕೇಳಿರಲಿಲ್ಲ.

ಆ ದಿನ ತುಂಬಾ ಹೊತ್ತು ಚರ್ಚೆ ಆಯಿತು. ಕೊನೆಗೆ ಮೂರು ತೀರ್ಮಾನ ಬರೆದರು. ಸದಸ್ಯೆಯರ ಯಾವ ಅಂಗಡಿಯಲ್ಲೂ ಮಕ್ಕಳ ಕೈಗೆ ಬೀಡಿ ಸಿಗರೇಟು ಕೊಡಬಾರದು, "ಅಪ್ಪನಿಗೆ" ಎಂದು ಹೇಳಿದರೂ ಕೊಡಬಾರದು. ಆಚೆ ಅಂಗಡಿಯವರ ಬಳಿ ಹತ್ತು ಮಂದಿ ಒಟ್ಟಾಗಿ ಹೋಗಿ ಮರ್ಯಾದೆಯಿಂದ ಕೇಳಿಕೊಳ್ಳಬೇಕು, ಕೇಳದಿದ್ದರೆ ಪಂಚಾಯತಿಗೆ ಅರ್ಜಿ ಕೊಡಬೇಕು. ಆ ಸದಸ್ಯೆಯ ನಷ್ಟ ತುಂಬಲು ಮನೆಯಲ್ಲಿ ಮಾಡಿದ ಚಕ್ಕುಲಿ, ಹಪ್ಪಳ, ಉಪ್ಪಿನಕಾಯಿಯನ್ನು ಸಂಘದವರೆಲ್ಲ ಅವರ ಅಂಗಡಿಯಲ್ಲೇ ಮಾರಲು ಇಡಬೇಕು. ವ್ಯಾಪಾರ ಮೊದಲಿನಷ್ಟು ಆಗಿಲ್ಲ ಎಂದು ಅವರು ಈಗಲೂ ಹೇಳುತ್ತಾರೆ. ಆದರೆ ಕಂತು ತಪ್ಪಿಲ್ಲ. ನಾವೂ ಒಂದು ಪಾಠ ಕಲಿತೆವು. ಅಂಗಡಿಗೆ ಸಾಲ ಕೇಳಿದರೆ ಈಗ ಈ ವಿಷಯವನ್ನೂ ಕೂತು ಮಾತಾಡುತ್ತೇವೆ.

ಬೀಡಿ ಕಟ್ಟುವ ತಾಯಿಯ ಪ್ರಶ್ನೆ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಯಾವ ಬಾಯಲ್ಲಿ ಹೇಳಲಿ?

ಬೀಡಿ ಕಟ್ಟಿದ್ದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಮನೆಯಲ್ಲೇ ಕೂತು, ಮಕ್ಕಳನ್ನು ನೋಡಿಕೊಂಡು, ಬೆನ್ನು ಕುತ್ತಿಗೆ ನೋಯಿಸಿಕೊಂಡು ದುಡಿದ ಹಣ ಅದು. ಬೇರೆ ಕೆಲಸ ಸಿಕ್ಕಿದ್ದರೆ ಎಷ್ಟೋ ಮಂದಿ ಅದನ್ನೇ ಮಾಡುತ್ತಿದ್ದರು. ಹೊಲಿಗೆ, ಮಲ್ಲಿಗೆ, ಹೈನುಗಾರಿಕೆ ಎಂದು ಸಂಘಗಳ ಮೂಲಕ ನಾವು ದಾರಿ ಹುಡುಕುತ್ತಿರುವುದೂ ಇದಕ್ಕೇ. ಆದರೆ ಬೇರೆ ದಾರಿ ಸಿಗುವವರೆಗೆ ತಾಯಿಯ ಬಾಯಿ ಕಟ್ಟಿಹೋಗಬಾರದು. ಬೀಡಿ ಕಟ್ಟುವವಳಿಗೇ ಹೊಗೆಸೊಪ್ಪಿನ ಘಾಟು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅದರ ಧೂಳಿನಿಂದ ಬರುವ ಸೀನು, ಕೆಮ್ಮು, ತಲೆನೋವು ಅವಳಿಗೇ ಗೊತ್ತು. ಮಗನಿಗೆ ಹೇಳಲು ಅವಳಿಗಿಂತ ಹೆಚ್ಚು ಹಕ್ಕು ಯಾರಿಗೆ ಉಂಟು?

ಕೆಲವು ಎಚ್ಚರಿಕೆ ಮಾತ್ರ ನಾವೇ ತೆಗೆದುಕೊಳ್ಳಬೇಕು. ಹೊಗೆಸೊಪ್ಪಿನ ತಡ್ಪೆಯನ್ನು ಮಕ್ಕಳು ಮಲಗುವ, ಓದುವ ಕೋಣೆಯಲ್ಲಿ ಇಡಬಾರದು. ಕೆಲಸ ಬೇಗ ಮುಗಿಯಲಿ ಎಂದು ಮಕ್ಕಳ ಕೈಯಲ್ಲಿ ಬೀಡಿ ಕಟ್ಟಿಸಬಾರದು, ತುದಿ ಮಡಚಲೂ ಕೂರಿಸಬಾರದು. ಕೆಲಸ ಮುಗಿಸಿ ಸೋಪು ಹಾಕಿ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಬೇಕು. ಬ್ರಾಂಚಿಗೆ ಕೊಟ್ಟು ಮಿಕ್ಕಿದ್ದನ್ನು ಕೈಗೆ ಸಿಗುವ ಹಾಗೆ ಬಿಡಬಾರದು.

ಆ ತಾಯಿ ನಮ್ಮ ಉತ್ತರಕ್ಕೆ ಕಾಯಲಿಲ್ಲ. ಹೋದ ವಾರ ಅವರ ಮನೆಗೆ ಹೋದಾಗ ಅವರೇ ಹೇಳಿದರು. ಒಂದು ಸಂಜೆ ಮಗ ಒಬ್ಬನೇ ಇದ್ದಾಗ, ತಡ್ಪೆಯನ್ನು ಮಡಿಲಲ್ಲಿ ಇಟ್ಟುಕೊಂಡೇ, ಬೆಂಕಿಪೊಟ್ಟಣವನ್ನು ಅವನ ಎದುರು ಇಟ್ಟರಂತೆ. "ನಾನು ಇದನ್ನು ಕಟ್ಟುದು ನೀನು ಇದನ್ನು ಸೇದುವವ ಆಗಬಾರದು ಅಂತ. ನಿನ್ನ ಫೀಸು ಇದರಲ್ಲೇ ಉಂಟು" ಎಂದರಂತೆ. ಹುಡುಗ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಆಟದ ಮೈದಾನದಲ್ಲಿ ದೊಡ್ಡ ಹುಡುಗರು ಕೊಟ್ಟದ್ದು, ನಾಲ್ಕೈದು ಸಲ ಸೇದಿದ್ದು ಎಲ್ಲ ಹೇಳಿದ. ಪೂರ್ತಿ ಬಿಟ್ಟಿದ್ದಾನೆಯೇ? ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. "ಆದ್ರೆ ಈಗ ಸಂಜೆ ಬಂದು ಹತ್ತಿರ ಕೂತ್ಕೊಳ್ತಾನೆ, ಮಾತಾಡ್ತಾನೆ" ಎಂದರು ಅವರು. ಬೆಂಕಿಪೊಟ್ಟಣ ಈಗ ಅಡಿಗೆಮನೆಯಲ್ಲಿ ಒಲೆಯ ಪಕ್ಕ ಇದೆ. ಅದರ ಜಾಗ ಅದೇ ಅಲ್ವಾ?

ಅಕ್ಕತಂಗಿಯರೇ, ನಾವು ಮನೆಗೆ ಹೋಗುವ ಮೊದಲು ಒಂದು ಕೆಲಸ ಮಾಡೋಣ. ನಿಮ್ಮ ನಿಮ್ಮ ಸಂಘದ ಮುಂದಿನ ವಾರದ ಸಭೆಯಲ್ಲಿ ಕೆಳಗಿನ ಪ್ರಶ್ನೆಗಳನ್ನು ಓದಿ, ಎಲ್ಲರೂ ಮಾತಾಡಿ, ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಒಕ್ಕೂಟದ ಸಭೆಯಲ್ಲಿ ಒಂದೊಂದು ಸಂಘದವರೂ ಎದ್ದು ಓದಬೇಕು.

ಚರ್ಚೆಗೆ ಪ್ರಶ್ನೆಗಳು:

1. ನಮ್ಮ ಮನೆಯಲ್ಲಿ ಮಕ್ಕಳನ್ನು ಬೀಡಿ ಸಿಗರೇಟು ತರಲು ಅಂಗಡಿಗೆ ಕಳಿಸುತ್ತೇವೆಯೇ? ಇಂದಿನಿಂದ ನಿಲ್ಲಿಸಲು ಮನೆಯ ಗಂಡಸರ ಜೊತೆ ಹೇಗೆ ಮಾತಾಡುವುದು?
2. ನಮ್ಮೂರ ಶಾಲೆಯ ಹತ್ತಿರ ಯಾವ ಯಾವ ಅಂಗಡಿಯಲ್ಲಿ ಮಕ್ಕಳಿಗೆ ಮಾರುತ್ತಾರೆ? ಅವರ ಬಳಿ ಹೋಗಿ ಮಾತಾಡುವ ಐದು ಮಂದಿ ಯಾರು?
3. ನಮ್ಮ ಹುಡುಗರು ಸಂಜೆ ಐದರಿಂದ ಏಳರವರೆಗೆ ಎಲ್ಲಿರುತ್ತಾರೆ, ಯಾರ ಜೊತೆ ಇರುತ್ತಾರೆ?
4. ನಮ್ಮ ಮಗ ಅಥವಾ ಮಗಳು ತಪ್ಪು ಮಾಡಿದರೆ ಮೊದಲು ನಮ್ಮ ಬಳಿಯೇ ಬಂದು ಹೇಳುತ್ತಾರೆ ಎಂಬ ಧೈರ್ಯ ನಮಗೆ ಇದೆಯೇ? ಇಲ್ಲದಿದ್ದರೆ ಯಾಕೆ?

ನಾಲ್ಕನೆಯ ಪ್ರಶ್ನೆಯನ್ನು ಅವಸರದಲ್ಲಿ ಮುಗಿಸಬೇಡಿ. ಅದಕ್ಕೆ ಒಂದು ಇಡೀ ಸಭೆ ಹಿಡಿದರೂ ಅಡ್ಡಿಯಿಲ್ಲ. ದೇವರು ನಮ್ಮ ಮಕ್ಕಳನ್ನು ಕಾಪಾಡಲಿ.